ಆಸ್ಪತ್ರೆ ಬೋರ್ಡಿಗೆ ಪದ ಬೇಕು: ‘ಯೂಸರ್ ಚಾರ್ಜಸ್’ಗೆ ‘ಬಳಕೆದಾರರ ಶುಲ್ಕ’ ಸರೀನಾ?

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ನಮ್ಮೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಕಿಟಕಿಯ ಮೇಲೆ ಹೊಸ ಬೋರ್ಡು ಹಾಕಿಸುತ್ತಿದ್ದಾರೆ. ಆರೋಗ್ಯ ರಕ್ಷಾ ಸಮಿತಿಯವರು ಕನ್ನಡ ತಿದ್ದಿಕೊಡಿ ಅಂತ ನನಗೆ ಕೊಟ್ಟಿದ್ದಾರೆ. ಚೀಟಿಗೆ, ಪರೀಕ್ಷೆಗೆ ಬಂದವರಿಂದ ತೆಗೆದುಕೊಳ್ಳುವ ಹಣಕ್ಕೆ ಇಂಗ್ಲಿಷಿನಲ್ಲಿ ‘ಯೂಸರ್ ಚಾರ್ಜಸ್’ ಅಂತಿದೆ, ಕಚೇರಿ ಕಡತದಲ್ಲೆಲ್ಲ ‘ಬಳಕೆದಾರರ ಶುಲ್ಕ’. ಕೆಳಗೆ ‘ಗ್ರಾಹಕರು ಸಹಕರಿಸಬೇಕಾಗಿ ವಿನಂತಿ’ ಅಂತ ಇನ್ನೊಂದು ಸಾಲು. ಎರಡೂ ನನಗೆ ಸರಿ ಕಾಣುತ್ತಿಲ್ಲ. ಬಿಪಿಎಲ್ ಕಾರ್ಡಿನವರಿಗೆ ಉಚಿತ ಅನ್ನೋದು ಪಟ್ಟಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿದೆ. ನಾಳೆ ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಓದು ಬರದವರೂ ಪಕ್ಕದವರಿಂದ ಓದಿಸಿಕೊಂಡು ತಿಳಿಯುವಂಥ ಪದ ಇದ್ದರೆ ಹೇಳಿ.
— ಅನುವಾದಕಿ, ರಾಯಚೂರು ಜಿಲ್ಲೆ

‘ಬಳಕೆದಾರ’ ಬೇಡವೇ ಬೇಡ. ‘ಬಳಕೆ’ ನಮ್ಮದು, ‘ದಾರ’ ಪಾರಸಿಯದು. ಓದುಗ, ಕೇಳುಗ ಇರುವ ಹಾಗೆ ‘ಬಳಸುಗ’ ಆಗುತ್ತದೆ. ‘ಶುಲ್ಕ’ ಸಂಸ್ಕೃತ. ಅದರ ತದ್ಭವ ‘ಸುಂಕ’ ನಮ್ಮ ಶಾಸನಗಳಲ್ಲೇ ಇದೆ, ವಚನಕಾರರಲ್ಲಿ ಸುಂಕದ ಬಂಕಣ್ಣನೇ ಇದ್ದಾನೆ. ‘ಬಳಸುಗ ಸುಂಕ’ ಅಂತ ಬರೆಸಿ. ಇದರಲ್ಲಿ ಚರ್ಚೆ ಮಾಡೋದು ಏನೂ ಇಲ್ಲ.
— ಎಲ್ಲರ ಕನ್ನಡದವನು, ಬೆಂಗಳೂರು

ತದ್ಭವ ಅಂದರೆ ಮೂಲ ಸಂಸ್ಕೃತವೇ ಅಲ್ವಾ? ಮೂತಿ ಸೊಟ್ಟ ಮಾಡಿದ ತಕ್ಷಣ ಅದು ನಿಮ್ಮ ಮನೆಯದಾಯಿತಾ? ‘ದಾರ’ ಕಿತ್ತು ಹಾಕುವುದಾದರೆ ಗುತ್ತಿಗೆದಾರ, ಪಾಲುದಾರ, ಅರ್ಜಿದಾರ ಎಲ್ಲರನ್ನೂ ಕೀಳಬೇಕು. ‘ಸೇವಾ ಶುಲ್ಕ’ ಅನ್ನಿ, ಸಾಕು. ಬ್ಯಾಂಕಿನಲ್ಲಿ ಎಲ್ಲರಿಗೂ ಅಭ್ಯಾಸವಾಗಿದೆ.
— ನಿವೃತ್ತ ಅಧ್ಯಾಪಕ, ಮೈಸೂರು

ಮೇಡಂ, ಇಬ್ಬರ ಮಾತನ್ನೂ ಬದಿಗಿಡಿ.

ಸುಂಕ ಹಳೆಯ ಪದ, ಚೆಂದದ ಪದ. ಶಾಸನಗಳಲ್ಲಿ ಪೆರ್ಜುಂಕ ಅಂತೆಲ್ಲ ಬರುತ್ತದೆ. ಆದರೆ ಅದು ಸರಕಿನ ಮೇಲಿನದು. ಎತ್ತಿನ ಮೇಲೆ ಹೇರಿದ ಅಡಿಕೆ ಮೆಣಸು ಊರು ದಾಟುವಾಗ ಕಟ್ಟಿದ್ದು. ಕಾಯಿಲೆಯವರು ಸರಕಲ್ಲ. ಜನರ ಬಾಯಲ್ಲಿ ಆ ಪದ ಹೇಗೆ ಉಳಿದಿದೆ ಅಂತ ಎಲ್ಲರಿಗೂ ಗೊತ್ತು: ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ. ಇದನ್ನು ಆಸ್ಪತ್ರೆ ಕಿಟಕಿಯ ಮೇಲೆ ಬರೆಸುತ್ತೀರಾ? ‘ಸೇವಾ ಶುಲ್ಕ’ವೂ ಬೇಡ. ಬ್ಯಾಂಕಿನ ಅಭ್ಯಾಸ ಆಸ್ಪತ್ರೆಗೆ ಬರಬಾರದು ಅನ್ನೋದೇ ನನ್ನ ಮಾತು.

‘ಬಳಕೆದಾರ’ದ ತೊಂದರೆ ಪಾರಸಿ ಬಾಲದ್ದಲ್ಲ. 1987ರಲ್ಲಿ ವಿಶ್ವಬ್ಯಾಂಕ್ ಒಂದು ವರದಿ ಹೊರತಂದಿತು. ಬಡ ದೇಶಗಳ ಸರ್ಕಾರಿ ಆಸ್ಪತ್ರೆಗಳು ಬಂದವರಿಂದ ಹಣ ತೆಗೆದುಕೊಳ್ಳಬೇಕು, ವಿಮೆ ಬೆಳೆಯಬೇಕು, ಖಾಸಗಿಯವರಿಗೆ ಜಾಗ ಬಿಡಬೇಕು ಅಂತ ಅದರ ಸಲಹೆ. 1996ರಲ್ಲಿ ಅದೇ ಬ್ಯಾಂಕಿನ ಸಾಲದಲ್ಲಿ ನಮ್ಮಲ್ಲಿ ಕರ್ನಾಟಕ ಆರೋಗ್ಯ ವ್ಯವಸ್ಥೆ ಅಭಿವೃದ್ಧಿ ಯೋಜನೆ ಶುರುವಾಯಿತು. ಅದರಿಂದ ಕಟ್ಟಡಗಳಾದವು, ಹಾಸಿಗೆಗಳು ಜಾಸ್ತಿಯಾದವು, ಇಲ್ಲ ಅನ್ನುವುದಿಲ್ಲ. ಅದರ ಜೊತೆಯಲ್ಲೇ ಈ ‘ಯೂಸರ್ ಚಾರ್ಜಸ್’ ಅನ್ನೋ ಲೆಕ್ಕವೂ ಗಟ್ಟಿಯಾಯಿತು. ಬಂದವರು ಕಟ್ಟಿದ್ದನ್ನು ಆಯಾ ಆಸ್ಪತ್ರೆಯೇ ಇಟ್ಟುಕೊಂಡು ರಿಪೇರಿಗೆ, ಔಷಧಿಗೆ ಹಾಕಬೇಕು. ಕೇಳಲು ಚೆನ್ನಾಗಿದೆ. ಆದರೆ ಬಲ್ಬು ಹೋದರೂ ಹತ್ತಿ ಮುಗಿದರೂ ಕಾಯಿಲೆಯವರ ಜೇಬಿನ ಕಡೆಯೇ ನೋಡುವ ಅಭ್ಯಾಸ ಅಲ್ಲಿಂದ ಹತ್ತುತ್ತದೆ.

ನಾನು ಆ ಕಿಟಕಿಯ ಒಳಗೆ ಗುಮಾಸ್ತನಾಗಿ ಕೂತವನು. ರಕ್ತ ಪರೀಕ್ಷೆ ಬರೆದುಕೊಟ್ಟರೆ ಜನ ಲ್ಯಾಬಿಗೆ ಹೋಗುತ್ತಾರೆ, ದುಡ್ಡು ಕಟ್ಟಿ ಬನ್ನಿ ಅಂದರೆ ವಾಪಸ್ ಕಿಟಕಿಗೆ ಬಂದು ಮತ್ತೆ ಸಾಲಿನಲ್ಲಿ ನಿಲ್ಲುತ್ತಾರೆ, ಆಮೇಲೆ ರಸೀದಿ ಹಿಡಿದು ಮತ್ತೆ ಲ್ಯಾಬಿಗೆ. ಸೆರಗಿನ ಗಂಟು ಬಿಚ್ಚಿ ಎಣಿಸಿ, ‘ಎರಡ್ರಾಗ ಯಾವ್ದು ಬೇಕೇಬೇಕು ಹೇಳ್ರಿ ಸರ್, ಅದೊಂದೇ ಮಾಡಸ್ತೀನಿ’ ಅಂತ ನನ್ನನ್ನು ಕೇಳಿದ ಹೆಂಗಸರಿದ್ದಾರೆ. ನಾನೇನು ಡಾಕ್ಟರಾ? ಅವರನ್ನು ಬಳಕೆದಾರರು ಅನ್ನೋದು ತಪ್ಪು. ಬಳಸೋದು ಬಿಡೋದು ಅವರ ಕೈಯಲ್ಲಿಲ್ಲ. ಗ್ರಾಹಕರು ಅನ್ನೋದು ಇನ್ನೂ ತಪ್ಪು. ಗ್ರಾಹಕನಿಗೆ ಬೆಲೆ ಹಿಡಿಸದಿದ್ದರೆ ಇನ್ನೊಂದು ಅಂಗಡಿ ಇರುತ್ತದೆ. ಕರೆಂಟಿಗೆ ಗ್ರಾಹಕ ಅನ್ನಿ, ಮನೆಯಲ್ಲಿ ಮೀಟರ್ ಇದೆ. ಹೆರಿಗೆ ನೋವಿಗೆ ಮೀಟರ್ ಇಲ್ಲ.

ಹತ್ತು ರೂಪಾಯಿ ಚೀಟಿಗೆ ಇಷ್ಟು ಮಾತಾ ಅನ್ನುವವರಿಗೆ: 2024ರ ನವೆಂಬರ್‌ನಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಆ ಹತ್ತು ಇಪ್ಪತ್ತಾಯಿತು. ಒಮ್ಮೆ ದರಪಟ್ಟಿ ತೂಗುಹಾಕಿದ ಮೇಲೆ ಏರಿಸೋದು ಒಂದು ಸುತ್ತೋಲೆಯ ಕೆಲಸ. ಆರೋಗ್ಯ ಕರ್ನಾಟಕ ಯೋಜನೆಯಲ್ಲೂ ನೋಡಿ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಒಂದೊಂದು ಚಿಕಿತ್ಸೆಗೆ ಗೊತ್ತುಮಾಡಿದ ಮೊತ್ತದ, ಶೇ 30 ಮಾತ್ರ ಸರ್ಕಾರ ಕೊಡುತ್ತದೆ. ಉಳಿದ ಶೇ 70ನ್ನು ಹೊಂದಿಸೋದು ಮನೆಯವರ ಪಾಡು.

ಜನ ಹೇಳೋದು ‘ಚೀಟಿ ದುಡ್ಡು’, ‘ಫೀಸು’. ಅದನ್ನೇ ಬರೆಸಿ. ಉಚಿತ ಯಾರಿಗೆ ಅನ್ನೋದನ್ನು ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ ಬರೆಸಿ.
— ಆರೋಗ್ಯ ಇಲಾಖೆಯ ಹಳೇ ಗುಮಾಸ್ತ, ಬಳ್ಳಾರಿ

ಫೀಸು ಇಂಗ್ಲಿಷ್! ಪಾರಸಿ ಬಿಟ್ಟು ಇಂಗ್ಲಿಷ್ ಹಿಡಿಯಲು ಇಷ್ಟುದ್ದ ಬರೆಯಬೇಕಿತ್ತಾ? ಹೀಗೆ ಸುಮ್ನೆ ಬಿಟ್ಟುಕೊಡುತ್ತಾ ಹೋದರೆ ನಾಳೆ ಬೋರ್ಡಿನ ಮೇಲೆ ಉಳಿಯೋದು ವಿಭಕ್ತಿ ಪ್ರತ್ಯಯ ಮಾತ್ರ. ಆಡಳಿತ ಕನ್ನಡದಲ್ಲಾಗಬೇಕು ಅಂದರೆ ಪದಗಳನ್ನು ಕಟ್ಟಬೇಕು. ‘ಹೊರಗುತ್ತಿಗೆ’ ಕಟ್ಟಲಿಲ್ಲವಾ? ಹಳ್ಳಿಯವರೂ ಅದನ್ನೇ ಆಡುತ್ತಾರೆ.
— ಎಲ್ಲರ ಕನ್ನಡದವನು, ಬೆಂಗಳೂರು

ಹೊರಗುತ್ತಿಗೆಯನ್ನು ನೀವೇ ಎತ್ತಿದ್ದು ಒಳ್ಳೇದಾಯಿತು. ನಾನು ಪೌರಕಾರ್ಮಿಕರ ಸಂಘದಲ್ಲಿ ಕೆಲಸ ಮಾಡುವವಳು. ಪದ ಅಚ್ಚಗನ್ನಡ, ಒಪ್ಪಿದೆ. ಆ ಅಚ್ಚಗನ್ನಡದ ಒಳಗೆ ಏನಿದೆ? ಬೀದಿ ಪಾಲಿಕೆಯದು, ಪೊರಕೆ ಹಿಡಿದವಳು ಮಾತ್ರ ಏಜೆನ್ಸಿಯವಳು. ಸಂಬಳ ತಡವಾದರೆ ಪಾಲಿಕೆ ಗುತ್ತಿಗೆದಾರನನ್ನು ತೋರಿಸುತ್ತದೆ, ಗುತ್ತಿಗೆದಾರ ಪಾಲಿಕೆ ಬಿಲ್ ಪಾಸ್ ಮಾಡಿಲ್ಲ ಅನ್ನುತ್ತಾನೆ. ಪಿಎಫ್ ಕಟ್ಟಿದ್ದಾರಾ ಇಲ್ಲವಾ ಅಂತ ತಿಳಿಯಲು ಅವಳು ಕಚೇರಿ ಕಚೇರಿ ಅಲೆಯಬೇಕು.

ಈ ಹೆಂಗಸರಿಗೆ ಸ್ವಲ್ಪ ಉಸಿರು ಕೊಟ್ಟ ಪದ ‘ನೇರಪಾವತಿ’. 2017ರ ಸುಮಾರಿಗೆ ಬೆಂಗಳೂರಿನಲ್ಲಿ ಮಧ್ಯದ ಗುತ್ತಿಗೆದಾರನನ್ನು ಬಿಟ್ಟು ಪಾಲಿಕೆಯೇ ಅವರ ಖಾತೆಗೆ ಸಂಬಳ ಹಾಕಲು ಶುರು ಮಾಡಿತು. ಪಾವತಿ ಮರಾಠಿಯಿಂದ ಬಂದದ್ದು. 2022ರ ಜುಲೈಯಲ್ಲಿ ರಾಜ್ಯವಿಡೀ ಪೊರಕೆ ಕೆಳಗಿಟ್ಟು ಕೂತಾಗ ಅವರು ಕೂಗಿದ್ದು ‘ಖಾಯಂ ಮಾಡಿ’ ಅಂತ. ಖಾಯಂ ಅರಬ್ಬಿಯದು. ಸರ್ಕಾರ ಮಾತು ಕೊಟ್ಟ ಮೇಲೇ ಎದ್ದರು. ಆ ಪದವನ್ನೂ ತಿದ್ದುತ್ತೀರಾ? ಇನ್ನೊಂದು ಕಡೆ ಅಂಗನವಾಡಿಯವರಿಗೆ ಕೊಡೋದು ‘ಗೌರವಧನ’, ಆಶಾ ಕಾರ್ಯಕರ್ತೆಯರಿಗೆ ‘ಪ್ರೋತ್ಸಾಹಧನ’. ಸಂಸ್ಕೃತ ಎಷ್ಟು ಶುದ್ಧವಾಗಿದೆ ನೋಡಿ, ಸಂಬಳ ಅಂತ ಒಂದು ಮಾತು ಹೇಳಬಾರದು ಅಂತಲೇ ಹುಡುಕಿ ಇಟ್ಟ ಹಾಗಿದೆ. ಸಂಬಳ ಅಂದುಬಿಟ್ಟರೆ ಪಿಂಚಣಿ ಕೇಳುತ್ತಾರಲ್ಲ. ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಲ್ಲಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ. ಟಿ. ನರಸೀಪುರದಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ತೆರೆದದ್ದು 1975ರ ಯೋಜನೆಯಲ್ಲಿ. ಅಷ್ಟು ವರ್ಷ ಕಾಯಬೇಕಾಯಿತು.

ಪದದ ಕುಲ ಕೇಳೋದು ಆಮೇಲಾಗಲಿ. ಯಾರು ಕೊಡಬೇಕು, ಯಾರಿಗೆ ಸಲ್ಲಬೇಕು ಅನ್ನೋದನ್ನು ಅದು ಹೇಳುತ್ತದಾ ಇಲ್ಲವಾ, ಅದನ್ನು ಮೊದಲು ಕೇಳಿ.
— ಸಂಘದ ಕಾರ್ಯಕರ್ತೆ, ಹುಬ್ಬಳ್ಳಿ

ಪದದ ಪಟ್ಟಿಯನ್ನು ಬೀದಿ ಹೋರಾಟ ಮಾಡಬೇಡಿ. ನಾನು ಕೇಳಿದ್ದು ಕನ್ನಡದ ಬಗ್ಗೆ.
— ಎಲ್ಲರ ಕನ್ನಡದವನು, ಬೆಂಗಳೂರು

ಅದು ಕನ್ನಡವೇ. ಆಡುವವರು ಅವರು.
— ಸಂಘದ ಕಾರ್ಯಕರ್ತೆ, ಹುಬ್ಬಳ್ಳಿ

ಎಲ್ಲರಿಗೂ ಥ್ಯಾಂಕ್ಸ್. ಸಮಿತಿಯವರ ಜೊತೆ ಮಾತಾಡಿದೆ. ‘ಗ್ರಾಹಕರು’ ತೆಗೆಯಲು ಒಪ್ಪಿದರು. ‘ಬಳಕೆದಾರರ ಶುಲ್ಕ’ ಲೆಕ್ಕಪತ್ರದಲ್ಲಿ ಇರಲೇಬೇಕಂತೆ, ಬೋರ್ಡಿಗೆ ಬೇಡ ಅಂದಿದ್ದಾರೆ. ಈಗ ಹೀಗಿದೆ:

ಬಿಪಿಎಲ್ ಕಾರ್ಡು ಇದ್ದವರು ಇಲ್ಲಿ ಹಣ ಕಟ್ಟಬೇಕಿಲ್ಲ. ಕಾರ್ಡು ತೋರಿಸಿ.
ಉಳಿದವರಿಗೆ: ಚೀಟಿ ಮತ್ತು ಪರೀಕ್ಷೆಗಳ ದರ
ಹಣ ಕಟ್ಟಿದರೆ ರಸೀದಿ ಕೇಳಿ ಪಡೆಯಿರಿ. ರಸೀದಿ ಇಲ್ಲದೆ ಯಾರಿಗೂ ಹಣ ಕೊಡಬೇಡಿ.

‘ಫೀಸು’ ಅಧ್ಯಕ್ಷರಿಗೆ ಹಿಡಿಸಲಿಲ್ಲ, ‘ದರ’ ಅಂತ ಮಾಡಿದೆ. ಮೊದಲ ಸಾಲು ಕೆಂಪಕ್ಷರದಲ್ಲಿ ಬರುತ್ತದೆ. ತಿದ್ದಬೇಕಾದ್ದು ಇದ್ದರೆ ನಾಳೆ ಮಧ್ಯಾಹ್ನದೊಳಗೆ ಹೇಳಿ, ಆಮೇಲೆ ಅಂಗಡಿಗೆ ಕಳಿಸುತ್ತೇನೆ.
— ಅನುವಾದಕಿ, ರಾಯಚೂರು ಜಿಲ್ಲೆ