ಇಂಟಿಗ್ರೇಷನ್: ಬ್ರ್ಯಾಕೆಟ್ ಮೇಲಿನ ಪವರ್ ನೇರವಾಗಿ ಏರಿಸಬಹುದಾ?

ಪ್ರಶ್ನೆ (ಸೆಕೆಂಡ್ ಪಿಯು ವಿದ್ಯಾರ್ಥಿನಿ, ಸಿಂಧನೂರು):
ನಮಸ್ಕಾರ ಸರ್. ಡಿಫರೆನ್ಸಿಯೇಷನ್ ಚೆನ್ನಾಗಿ ಬರುತ್ತದೆ. ಇಂಟಿಗ್ರೇಷನ್‌ನಲ್ಲಿ ಪವರ್‌ಗೆ 1 ಕೂಡಿಸಿ, ಬಂದ ಸಂಖ್ಯೆಯಿಂದ ಭಾಗಿಸಬೇಕು ಅಂತಲೂ ಗೊತ್ತು. (ಎಕ್ಸ್ + 1)² ಗೆ (ಎಕ್ಸ್ + 1)³/3 + ಸಿ ಸರಿ ಅಂತಾರೆ. ಅದೇ (ಎಕ್ಸ್² + 1)² ಗೆ (ಎಕ್ಸ್² + 1)³/3 + ಸಿ ತಪ್ಪು ಅಂತಾರೆ. ಯಾಕೆ ಸರ್?

ಉತ್ತರ (ಗಣಿತ ಉಪನ್ಯಾಸಕರು, ರಾಯಚೂರು):
ಒಳ್ಳೆ ಪ್ರಶ್ನೆ ತಂಗಿ. ಡಿಫರೆನ್ಸಿಯೇಷನ್ ಬರುತ್ತದೆ ಅಂದೆಯಲ್ಲ, ಉತ್ತರ ನಿನ್ನ ಕೈಯಲ್ಲೇ ಇದೆ. ಇಂಟಿಗ್ರೇಷನ್ ಅದರ ಉಲ್ಟಾ; ಉತ್ತರವನ್ನು ಡಿಫರೆನ್ಸಿಯೇಟ್ ಮಾಡಿದರೆ ಪ್ರಶ್ನೆಯೇ ವಾಪಸ್ ಬರಬೇಕು. (ಎಕ್ಸ್² + 1)³/3 ಅನ್ನು ಡಿಫರೆನ್ಸಿಯೇಟ್ ಮಾಡು. ಮೇಲಿನ 3 ಕೆಳಗಿಳಿದು ಛೇದದ 3ರ ಜೊತೆ ಹೊಡೆದುಹೋಯಿತು. ಉಳಿದದ್ದು (ಎಕ್ಸ್² + 1)². ಅಷ್ಟಕ್ಕೇ ಮುಗಿಯಲಿಲ್ಲ. ಚೈನ್ ರೂಲ್ ಪ್ರಕಾರ ಬ್ರ್ಯಾಕೆಟ್ ಒಳಗಿನದನ್ನೂ ಡಿಫರೆನ್ಸಿಯೇಟ್ ಮಾಡಿ ಗುಣಿಸಬೇಕು, ಅಲ್ವಾ? ಅದು 2ಎಕ್ಸ್. ಪ್ರಶ್ನೆಯಲ್ಲಿ ಈ 2ಎಕ್ಸ್ ಇರಲೇ ಇಲ್ಲ. ಹಾಗಾಗಿ ಉತ್ತರ ತಪ್ಪು. ಎಕ್ಸ್ + 1 ಇದ್ದಾಗ ಒಳಗಿನಿಂದ ಬರುವುದು ಬರೀ 1, ಅದರಿಂದ ಗುಣಿಸಿದರೆ ಏನೂ ಬದಲಾಗುವುದಿಲ್ಲ.

ಬ್ರ್ಯಾಕೆಟ್ ಬಿಡಿಸಿಬಿಡು: ಎಕ್ಸ್⁴ + 2ಎಕ್ಸ್² + 1. ಈಗ ಒಂದೊಂದೇ ಟರ್ಮ್ ಮಾಡಿದರೆ ಎಕ್ಸ್⁵/5 + 2ಎಕ್ಸ್³/3 + ಎಕ್ಸ್ + ಸಿ.

ವಿದ್ಯಾರ್ಥಿನಿ:
ಹಾಗಾದರೆ ಜಾಸ್ತಿ ಬಂದ 2ಎಕ್ಸ್‌ನಿಂದ ಭಾಗಿಸಿದರೆ ಆಗಲ್ವಾ ಸರ್?

ಉಪನ್ಯಾಸಕರು:
ಆಗಲ್ಲ. ಬರೀ ಸಂಖ್ಯೆಯಾದರೆ ಭಾಗಿಸಬಹುದು. ಛೇದದಲ್ಲಿ ಎಕ್ಸ್ ಬಂದರೆ, ತಾಳೆ ನೋಡಲು ಡಿಫರೆನ್ಸಿಯೇಟ್ ಮಾಡುವಾಗ ಭಾಗಾಕಾರದ ನಿಯಮ ಹಾಕಬೇಕಾಗುತ್ತದೆ, ಲೆಕ್ಕ ಇನ್ನೂ ಕೆಡುತ್ತದೆ.

ಇನ್ನೊಬ್ಬ ವಿದ್ಯಾರ್ಥಿ (ಕೊಪ್ಪಳ):
ಸರ್, (ಎಕ್ಸ್ + 1)² ಬಿಡಿಸಿ ಮಾಡಿದರೆ ಎಕ್ಸ್³/3 + ಎಕ್ಸ್² + ಎಕ್ಸ್ ಬರುತ್ತದೆ. ಬಿಡಿಸದೆ ಮಾಡಿದರೆ 1/3 ಜಾಸ್ತಿ ಇದೆ. ಯಾವುದು ಸರಿ?

ಉಪನ್ಯಾಸಕರು:
ಎರಡೂ ಸರಿ ತಮ್ಮ. ನೀನು ಕೊನೆಯಲ್ಲಿ ಸಿ ಬಿಟ್ಟಿದ್ದೀಯ. ಸಿ ಅಂದರೆ ಯಾವುದೇ ಸ್ಥಿರ ಸಂಖ್ಯೆ, ಆ 1/3 ಸೇರುವುದು ಅಲ್ಲಿಗೇ. ನಮ್ಮ ತುಂಗಭದ್ರಾ ಡ್ಯಾಮ್ ಲೆಕ್ಕವನ್ನೇ ನೋಡು. ದಿನವಿಡೀ 11,574 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಒಳಹರಿವು ಇದ್ದು, ಹೊರಗೆ ಬಿಡದಿದ್ದರೆ ಸುಮಾರು 1 ಟಿಎಂಸಿ (ನೂರು ಕೋಟಿ ಘನ ಅಡಿ) ಸೇರುತ್ತದೆ. ಆದರೆ ಈಗ ಒಟ್ಟು ಎಷ್ಟು ನೀರಿದೆ? ಅದಕ್ಕೆ ನಿನ್ನೆ ಎಷ್ಟಿತ್ತು ಅಂತ ಗೊತ್ತಿರಬೇಕು. ಆ ನಿನ್ನೆಯ ನೀರೇ ಸಿ. ಅದನ್ನು ಸುಮ್ನೆ ಬಿಡಬೇಡ, ಮಾರ್ಕ್ಸ್ ಹೋಗುತ್ತದೆ.

ಇಬ್ಬರೂ (2ಎಕ್ಸ್ + 3)² ಅನ್ನು ಎರಡೂ ರೀತಿ ಮಾಡಿ ಇಲ್ಲೇ ಹಾಕಿ. ಬಿಡಿಸದೆ ಮಾಡುವಾಗ 3ರ ಬದಲು 6ರಿಂದ ಭಾಗಿಸಬೇಕು. ಯಾಕೆ ಅಂತಲೂ ಬರೆಯಿರಿ.