ಅಲ್ಬೇನಿಯನ್ ಭಾಷೆ ಎಲ್ಲೆಲ್ಲಿದೆ, ಯಾವ ಕುಟುಂಬಕ್ಕೆ ಸೇರಿದೆ?

ಭಾಷಾಸಕ್ತ:
ಕೊಸೊವೊ ಕುರಿತು ಓದುತ್ತಿದ್ದಾಗ ಅಲ್ಲಿನ ಬಹುಪಾಲು ಜನರ ಮಾತು ಅಲ್ಬೇನಿಯನ್ ಎಂದು ತಿಳಿಯಿತು. ಈ ಭಾಷೆ ಇನ್ನೂ ಎಲ್ಲೆಲ್ಲಿ ಬಳಕೆಯಲ್ಲಿದೆ? ಸುತ್ತಲೂ ಸರ್ಬಿಯನ್, ಗ್ರೀಕ್ ಇರುವುದರಿಂದ ಇದೂ ಅವುಗಳ ಒಡಹುಟ್ಟೇ? ಇನ್ನೊಂದು ಸಣ್ಣ ಗೊಂದಲ: ಅಲ್ಬೇನಿಯಾದ ರಾಜಧಾನಿಯ ಹೆಸರು ಒಂದು ನಕ್ಷೆಯಲ್ಲಿ ‘ತಿರಾನಾ’ ಎಂದೂ ಇನ್ನೊಂದರಲ್ಲಿ ‘ತಿರಾನ್’ ಎಂಬಂತೆಯೂ ಇದೆ.

ಪದಕುತೂಹಲಿ:
ಒಡಹುಟ್ಟಲ್ಲ, ದೂರದ ದಾಯಾದಿ ಎನ್ನಬಹುದು. ಅಲ್ಬೇನಿಯನ್ ಇಂಡೋ-ಯುರೋಪಿಯನ್ ಕುಟುಂಬದ್ದೇ ಆದರೂ ಅದರೊಳಗೆ ಒಂಟಿ ಶಾಖೆಯಾಗಿ ನಿಂತಿದೆ. ಲ್ಯಾಟಿನ್, ಗ್ರೀಕ್, ಸ್ಲಾವಿಕ್, ಟರ್ಕಿಶ್ ಭಾಷೆಗಳಿಂದ ಬಂದ ಪದಗಳು ಹೇರಳವಾಗಿರುವುದರಿಂದ ಮೇಲ್ನೋಟಕ್ಕೆ ಹತ್ತಿರದ ನೆಂಟಸ್ತಿಕೆ ಇದ್ದಂತೆ ಕಾಣುತ್ತದೆ. ಅಲ್ಬೇನಿಯಾ ಮತ್ತು ಕೊಸೊವೊಗಳಲ್ಲದೆ ಉತ್ತರ ಮ್ಯಾಸಿಡೋನಿಯಾದ ಟೆಟೊವೊ ಸುತ್ತಮುತ್ತ, ಮಾಂಟೆನೆಗ್ರೊದ ಉಲ್ಸಿನ್ ಪಟ್ಟಣದಲ್ಲಿ, ದಕ್ಷಿಣ ಸರ್ಬಿಯಾದ ಪ್ರೆಶೆವೊ ಕಣಿವೆಯಲ್ಲಿ ಇದನ್ನು ಆಡುತ್ತಾರೆ. ಆಡುವವರು ತಮ್ಮ ಭಾಷೆಯನ್ನು ‘ಶ್ಚಿಪ್’ ಎನ್ನುತ್ತಾರೆ.

ನದಿತೀರ:
ದೇಶಗಳ ಗಡಿಗಿಂತ ಅಲ್ಬೇನಿಯಾದ ನಡುವೆ ಹರಿಯುವ ಶ್ಕುಂಬಿನ್ ನದಿಯೇ ಇಲ್ಲಿ ಮುಖ್ಯವೆಂದು ನನ್ನ ಅಭಿಪ್ರಾಯ. ನದಿಯ ಉತ್ತರಕ್ಕೆ ಗೆಗ್, ದಕ್ಷಿಣಕ್ಕೆ ತೋಸ್ಕ್ ಎಂಬ ಉಪಭಾಷೆಗಳಿವೆ. ಉತ್ತರದವರು ‘ವೆನಾ’ ಎನ್ನುವ ದ್ರಾಕ್ಷಾರಸ ದಕ್ಷಿಣದವರ ಬಾಯಲ್ಲಿ ‘ವೆರಾ’ ಆಗುತ್ತದೆ. ಸ್ವರಗಳ ನಡುವಿನ ಹಳೆಯ ‘ನ’ಕಾರ ತೋಸ್ಕ್‌ನಲ್ಲಿ ‘ರ’ಕಾರವಾದುದಕ್ಕೆ ಇದೊಂದು ನಿದರ್ಶನ. 1908ರಲ್ಲಿ ಮನಸ್ತಿರ್‌ನಲ್ಲಿ, ಅಂದರೆ ಇಂದಿನ ಬಿಟೋಲಾದಲ್ಲಿ, ಸೇರಿದ ಸಮ್ಮೇಳನವು ಲ್ಯಾಟಿನ್ ಲಿಪಿಯ ದಾರಿಯನ್ನು ಗಟ್ಟಿಗೊಳಿಸಿತು. 1972ರಲ್ಲಿ ತಿರಾನಾದಲ್ಲಿ ನಿರ್ಧಾರವಾದ ಶಿಷ್ಟ ಬರವಣಿಗೆಯಾದರೋ ಬಹುಮಟ್ಟಿಗೆ ತೋಸ್ಕ್ ಆಧಾರಿತ. ಹೀಗಾಗಿ ಕೊಸೊವೊದ ಮಕ್ಕಳು ಮನೆಯಲ್ಲಿ ಗೆಗ್ ಆಡಿ, ಶಾಲೆಯಲ್ಲಿ ಬೇರೆಯದನ್ನು ಬರೆಯಬೇಕಾಗುತ್ತದೆ.

ಹಳೆಗಡಲು:
ಇಟಲಿಯನ್ನು ಮರೆಯಬಾರದು. 15ನೆಯ ಶತಮಾನದಲ್ಲಿ ಒಟ್ಟೊಮನ್ನರ ಆಕ್ರಮಣದ ಕಾಲಕ್ಕೆ ಕಡಲು ದಾಟಿದವರ ವಂಶಜರು ಕಲಾಬ್ರಿಯಾ, ಸಿಸಿಲಿಗಳ ಹಳ್ಳಿಗಳಲ್ಲಿದ್ದಾರೆ. ಪಲೆರ್ಮೊ ಹತ್ತಿರದ ಪಿಯಾನಾ ದೆಲಿ ಅಲ್ಬನೇಸಿ ಅಂಥದ್ದೇ ಊರು. ಅವರು ತಮ್ಮ ಮಾತನ್ನು ‘ಶ್ಚಿಪ್’ ಎನ್ನದೆ ಹಳೆಯ ‘ಅರ್ಬರ್’ ಹೆಸರಿನಿಂದಲೇ ಕರೆಯುತ್ತಾರೆ. 1999ರ ಇಟಲಿಯ ಕಾನೂನು ಈ ಭಾಷೆಗೆ ರಕ್ಷಣೆ ನೀಡಿದೆ. ಗ್ರೀಸಿನ ಅರ್ವಾನಿತಿಕಾ ಇದೇ ಬಳ್ಳಿಯದು, ಆದರೆ ಈಗ ಹೆಚ್ಚಾಗಿ ಹಿರಿಯರ ಬಾಯಲ್ಲಷ್ಟೇ ಉಳಿದಿದೆ.

ಪದಕುತೂಹಲಿ:
ನಕ್ಷೆಯ ಗೊಂದಲಕ್ಕೆ ಉತ್ತರಿಸಲು ಮರೆತಿದ್ದೆ. ‘ಆ ನಿರ್ದಿಷ್ಟ’ ಎಂಬ ಅರ್ಥ ಕೊಡುವ ಪ್ರತ್ಯಯ ಇಲ್ಲಿ ನಾಮಪದದ ಕೊನೆಗೆ ಅಂಟಿಕೊಳ್ಳುತ್ತದೆ: ‘ಮಾಲ್’ ಎಂದರೆ ಯಾವುದೋ ಬೆಟ್ಟ, ‘ಮಾಲಿ’ ಎಂದರೆ ಆ ಬೆಟ್ಟ. ಊರುಗಳ ಹೆಸರಿಗೂ ಹೀಗೆ ಎರಡು ರೂಪಗಳಿವೆ. ನಿಮ್ಮ ನಕ್ಷೆಗಳೆರಡೂ ಸರಿಯೇ.