ಪದಚರ್ಚೆ: ಏರ್ ಫಿಲ್ಟರ್ ಬಾಕ್ಸಿನ ‘ಏರ್ ಲೀಕ್’ಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ:

ಯಮಹಾ ಆರ್‌ಎಕ್ಸ್ 100 ಕಾಲದ ಟೂ-ಸ್ಟ್ರೋಕ್ ಬೈಕುಗಳಿಗೆ ಕನ್ನಡದಲ್ಲೊಂದು ರಿಪೇರಿ ಕೈಪಿಡಿ ಸಿದ್ಧವಾಗುತ್ತಿದೆ. ಏರ್ ಫಿಲ್ಟರ್ ಬಾಕ್ಸಿನ ಸುತ್ತ ಆಗುವ ಏರ್ ಲೀಕಿಗೆ ಕರಡಿನಲ್ಲಿ ‘ವಾಯು ಸೋರಿಕೆ’ ಎಂದಿದೆ, ಅದನ್ನು ಸರಿಪಡಿಸುವುದಕ್ಕೆ ‘ಮೊಹರು ಮಾಡುವುದು’ ಎಂದಿದೆ. ಎರಡೂ ಕಿವಿಗೆ ಒಗ್ಗುತ್ತಿಲ್ಲ. ಗ್ಯಾರೇಜಿನವರು ಓದಿದ ಕೂಡಲೇ ಕೈಗೆ ಕೆಲಸ ತೋಚುವಂಥ ಮಾತು ಯಾವುದು? ‘ಗ್ಯಾಸ್ಕೆಟ್’ ಹಾಗೇ ಇರಲೇ? ಬಲ್ಲವರು ತಿಳಿಸಿ.

ಉತ್ತರ 1:

‘ಮೊಹರು’ ಬೇಡವೇ ಬೇಡ. ಅದು ಅರಗು, ಲಕೋಟೆ, ಕಚೇರಿಗಳ ಮಾತು.

‘ಸೋರು’ ಪದದಲ್ಲಿ ದಿಕ್ಕಿನ ದೋಷವೇನೂ ಇಲ್ಲ. ಮಾಳಿಗೆ ಸೋರಿದರೆ ನೀರು ಒಳಗೆ ಬರುತ್ತದೆ, ಕೊಡ ಸೋರಿದರೆ ಹೊರಗೆ ಹೋಗುತ್ತದೆ. ಆದರೆ ಗಾಳಿಯ ಜೊತೆ ಸೇರಿದರೆ ಓದುಗನಿಗೆ ಟ್ಯೂಬಿನ ಪಂಕ್ಚರ್ ನೆನಪಾಗುತ್ತದೆ. ಹೊರಗೆ ಹೋಗುವ ಗಾಳಿಯನ್ನು ಹುಡುಕಲು ಕೂರುತ್ತಾನೆ. ಇಲ್ಲಿ ನಡೆಯುವುದು ತಿರುವುಮುರುವು, ಎಂಜಿನ್ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮೆಕ್ಯಾನಿಕ್‌ಗಳ ‘ಏರ್ ಎಳೀತಿದೆ’ ಎಂಬ ಮಾತೇ ನಿಖರ. ನಾಮಪದ ಬೇಕೇ ಬೇಕೆಂದರೆ ಕಳ್ಳದಾರಿ, ಕಳ್ಳನೋಟಗಳ ಜಾಡಿನಲ್ಲಿ ‘ಕಳ್ಳಗಾಳಿ’ ಎನ್ನಬಹುದು.

ಎಲ್ಲಿಂದ ಎಳೆಯುತ್ತಿದೆ ಎಂಬುದನ್ನು ಮಾತ್ರ ಕೈಪಿಡಿ ಬಿಡಿಸಿ ಹೇಳಲೇಬೇಕು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿಗಿಂತ ಹಿಂದೆ, ಅಂದರೆ ಬಾಕ್ಸಿನ ಕಡೆ ಎಳೆದರೆ ಮುಖ್ಯ ಹಾನಿ ಧೂಳಿನದು. ಸೋಸದ ಧೂಳು ಎಣ್ಣೆಯ ಪದರಕ್ಕೆ ಅಂಟಿ, ಕ್ರ್ಯಾಂಕ್ ಬೇರಿಂಗ್, ಪಿಸ್ಟನ್ ರಿಂಗ್, ಬೋರ್ ಎಲ್ಲವನ್ನೂ ಉಜ್ಜಿ ಸವೆಸುತ್ತದೆ. ಜೊತೆಗೆ ಫಿಲ್ಟರಿನ ತಡೆ ಕಡಿಮೆಯಾಗಿ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ. ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವೆ ಎಳೆದರೆ ಕತೆಯೇ ಬೇರೆ. ಆ ಗಾಳಿ ಪೆಟ್ರೋಲ್ ಬಿಡುವ ಜೆಟ್ಟನ್ನು ಮುಟ್ಟದೆ ಒಳಹೋಗುತ್ತದೆ. ಐಡ್ಲಿಂಗ್ ತಾನಾಗಿ ಏರುತ್ತದೆ, ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯುವುದಿಲ್ಲ. ಮಿಶ್ರಣ ತೀರಾ ತೆಳುವಾಗಿ ಪಿಸ್ಟನ್ ಕಾದು ಸೀಜ್ ಆಗಬಹುದು, ಅಂದರೆ ಸಿಲಿಂಡರಿನಲ್ಲಿ ಕಚ್ಚಿಕೊಳ್ಳಬಹುದು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ದಿಯಂತೆ ಪೆಟ್ರೋಲಿಗೇ ಆಯಿಲ್ ಬೆರೆಸುವ ಗಾಡಿಗಳಲ್ಲಿ ಪೆಟ್ರೋಲ್ ಕಡಿಮೆಯಾದಷ್ಟೂ ಆಯಿಲ್ ಕೂಡ ಕಡಿಮೆಯಾಗುತ್ತದೆ, ಅದು ಇನ್ನೂ ಅಪಾಯ. ಎರಡಕ್ಕೂ ‘ವಾಯು ಸೋರಿಕೆ’ ಎಂಬ ಒಂದೇ ಹಣೆಪಟ್ಟಿ ಹಚ್ಚಿದರೆ ಓದುಗ ದಾರಿ ತಪ್ಪುತ್ತಾನೆ.

ಇನ್ನು ‘ಸೀಲ್ ಮಾಡು’. ಇದಕ್ಕೆ ಒಂದೇ ಕನ್ನಡ ಪದ ಹುಡುಕಬೇಡಿ. ತೂತು, ಬಿರುಕು, ಸಂದು ಎಂಬ ಮೂರು ಪದ ನಮ್ಮಲ್ಲಿವೆ, ಮೂರಕ್ಕೂ ಮದ್ದು ಬೇರೆ. ಬಿದ್ದುಹೋದ ಸ್ಕ್ರೂವಿನ ತೂತನ್ನು ಸ್ಕ್ರೂ, ವಾಷರ್ ಹಾಕಿ ಮುಚ್ಚಬೇಕು. ಬಾಕ್ಸನ್ನು ಕಾರ್ಬುರೇಟರಿಗೆ ಜೋಡಿಸುವ ರಬ್ಬರ್ ಬೂಟ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಿಸಬೇಕು. ಗಮ್ ಮೆತ್ತಿದರೆ ಎಂಜಿನ್ ಅದುರುವಾಗ ಅದೇ ಗೆರೆಯಲ್ಲಿ ಮತ್ತೆ ಬಿಡುತ್ತದೆ. ಹೊಸ ಬೂಟ್ ಬಗ್ಗದಿದ್ದರೆ ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟು, ಒರೆಸಿ ಒಣಗಿಸಿ ತೊಡಿಸಿ. ಕ್ಲಿಪ್ಪನ್ನು ಬೂಟ್ ತಿರುಗದಷ್ಟು ಬಿಗಿದರೆ ಸಾಕು, ಹೆಚ್ಚು ಬಿಗಿದರೆ ಅಂಚು ರಬ್ಬರನ್ನು ಕೊಯ್ಯುತ್ತದೆ.

ಬಾಕ್ಸಿಗೂ ಮುಚ್ಚಳಕ್ಕೂ ನಡುವಿನ ಸಂದಿಗೆ ಪ್ಯಾಕಿಂಗ್ ಕೂರಿಸಬೇಕು. ಹೌದು, ‘ಗ್ಯಾಸ್ಕೆಟ್’ ಬದಲು ‘ಪ್ಯಾಕಿಂಗ್’ ಎಂದೇ ಬರೆಯಿರಿ. ‘ಪ್ಯಾಕಿಂಗ್ ಕೂತಿಲ್ಲ’ ಎಂದರೆ ಹುಡುಗರಿಗೂ ಅರ್ಥವಾಗುತ್ತದೆ. ಹಳೆಯ ಅಂಟನ್ನು ಕೆರೆದು, ಜಿಡ್ಡು ಹೋಗುವಂತೆ ಸ್ಪಿರಿಟ್ಟಿನಲ್ಲಿ ಒರೆಸಿ, 3ರಿಂದ 5 ಮಿ.ಮೀ. ದಪ್ಪದ, ನೀರು ಹೀರದ ರಬ್ಬರ್ ಫೋಮ್ ಪಟ್ಟಿ ಅಂಟಿಸಿ. ಸಾಮಾನ್ಯ ಸ್ಪಂಜಿನ ಪಟ್ಟಿ ಬೇಡ, ಅದರ ಮೂಲಕವೇ ಗಾಳಿ ನುಸುಳುತ್ತದೆ. ಸಿಲಿಕೋನ್ ಗಮ್ ಬಳಸುವುದಾದರೆ ಬಾಕ್ಸಿನ ಕಾಯಂ ಜೋಡಣೆಗೆ ಮಾತ್ರ, ಅದೂ ತೆಳ್ಳಗೆ. ಇಡೀ ದಿನ ಒಣಗಲಿ. ಒಳಗೆ ಉಬ್ಬಿ ನಿಂತ ಗಮ್ ಕಿತ್ತುಬಂದರೆ ನೇರ ಕಾರ್ಬುರೇಟರಿಗೆ ಹೋಗುತ್ತದೆ. ಕಾರ್ಬುರೇಟರ್ ಮತ್ತು ಎಂಜಿನ್ ನಡುವೆ ಇದನ್ನು ಹಚ್ಚಲೇಬೇಡಿ. ಪೆಟ್ರೋಲ್ ತಾಗಿ ಉಬ್ಬಿ ಸುಲಿಯುತ್ತದೆ. ಫಿಲ್ಟರ್ ಕೂರುವ ಅಂಚಿಗೆ ತುಸು ಗ್ರೀಸ್ ಸವರಿದರೆ ಧೂಳು ಅಲ್ಲೇ ಅಂಟಿಕೊಳ್ಳುತ್ತದೆ.

ಉತ್ತರ 2:

‘ಕಳ್ಳಗಾಳಿ’ಗೆ ನನ್ನ ಮತವಿದೆ. ಪರೀಕ್ಷೆಯ ಭಾಗಕ್ಕೂ ಕ್ರಿಯಾಪದಗಳನ್ನೇ ನೆಚ್ಚಿಕೊಳ್ಳಿ. ಎಂಜಿನ್ ಐಡ್ಲಿಂಗಿನಲ್ಲಿರುವಾಗ ಬಾಕ್ಸಿನ ಗಾಳಿಬಾಯಿಯನ್ನು ಅಂಗೈಯಿಂದ ಪೂರ್ತಿ ಮುಚ್ಚಿದರೆ ಕೆಲವೇ ಕ್ಷಣಗಳಲ್ಲಿ ಉಸಿರುಗಟ್ಟಿ ನಿಲ್ಲಬೇಕು. ನಿಲ್ಲದಿದ್ದರೆ ಬೇರೆಲ್ಲೋ ಎಳೆಯುತ್ತಿದೆ. ಬಾಕ್ಸ್ ಬಿಚ್ಚಿ ಒಳಗೆ ಟಾರ್ಚ್ ಇಟ್ಟು ಕತ್ತಲಲ್ಲಿ ನೋಡಿದರೆ ಸಂದುಗಳು ಬೆಳಕಾಗಿ ಕಾಣುತ್ತವೆ. ಬೂಟಿನ ಒಳಮೈಯಲ್ಲಿ ಧೂಳಿನ ಗೆರೆ ಇದ್ದರೆ ಅದು ಶುರುವಾಗುವ ಕಡೆಯೇ ಸಂದು. ಊದುಬತ್ತಿಯ ಹೊಗೆ ಹಿಡಿದು ನೋಡುವ ಪದ್ಧತಿಯನ್ನು ಕೈಪಿಡಿಯಲ್ಲಿ ಸೇರಿಸಬೇಡಿ, ಪಕ್ಕದಲ್ಲೇ ಪೆಟ್ರೋಲ್ ಆವಿ ಇರುತ್ತದೆ.

‘ಲೀನ್’ಗೆ ‘ತೆಳು ಮಿಶ್ರಣ’, ‘ರಿಚ್’ಗೆ ‘ದಟ್ಟ ಮಿಶ್ರಣ’ ಎಂದರೆ ಸ್ಪಾರ್ಕ್ ಪ್ಲಗ್ಗಿನ ಬಣ್ಣ ವಿವರಿಸುವುದು ಸುಲಭ: ತೆಳುವಾದರೆ ಬಿಳಿಚಿಕೊಳ್ಳುತ್ತದೆ, ದಟ್ಟವಾದರೆ ಕಪ್ಪು ಮಸಿ ಹಿಡಿಯುತ್ತದೆ, ಸರಿಯಿದ್ದರೆ ಕಂದು. ಎಷ್ಟೋ ಹಳೆಯ ಗಾಡಿಗಳಲ್ಲಿ ಕಳ್ಳಗಾಳಿಗೆ ಸರಿದೂಗಿಸಲು ದೊಡ್ಡ ಮೇನ್ ಜೆಟ್ ಹಾಕಿರುತ್ತಾರೆ. ಸಂದು ಮುಚ್ಚಿದ ಮೇಲೆ ಅದೇ ಗಾಡಿ ಹೊಗೆ ಕಾರಿ, ಪಿಕಪ್ ಕಳೆದುಕೊಳ್ಳುತ್ತದೆ. ಆಗ ಕಂಪನಿ ಅಳತೆಯ ಜೆಟ್ಟಿಗೆ ಮರಳಿ, ಕಾರ್ಬುರೇಟರಿನ ಏರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಮುಚ್ಚಿ ಒಂದೂವರೆ ಸುತ್ತು ತೆರೆದು, ಅಲ್ಲಿಂದ ಟ್ಯೂನಿಂಗ್ ಶುರುಮಾಡಬೇಕು.

ಒಂದು ಎಚ್ಚರಿಕೆ ದಪ್ಪಕ್ಷರದಲ್ಲಿರಲಿ: ಬಾಕ್ಸಿನ ತಳದಲ್ಲಿ ನೀರು, ಆಯಿಲ್ ಇಳಿಯುವ ಕೊಳವೆಯಿದ್ದರೆ ಅದು ತಯಾರಕರೇ ಬಿಟ್ಟದ್ದು. ಅದನ್ನು ‘ತೂತು’ ಎಂದು ಬರೆಯಬೇಡಿ, ‘ಬಸಿಗೊಳವೆ’ ಎನ್ನಿ. ‘ತೂತು’ ಎಂದು ಓದಿದವರು ಅದನ್ನೂ ಮುಚ್ಚಿಬಿಡುತ್ತಾರೆ, ಮಳೆಗಾಲದಲ್ಲಿ ಬಾಕ್ಸಿನೊಳಗೆ ನೀರು ನಿಲ್ಲುತ್ತದೆ.